ಅಕ್ಕನ ಗುಳಿಗೆ ತಮ್ಮನಿಗೆ ಆಗಲಿಲ್ಲ
ಗುಂಡಿಗೆ ಚೀಲದ ಬಾವು: ಹೆಸರು ಒಂದೇ, ಕಾರಣ ಬೇರೆ, ಔಷಧಿಯೂ ಬೇರೆ

ಅಕ್ಕಲಕೋಟ: ಆ ಮನೆಯ ಪಡಸಾಲೆಯ ಗೋಡೆಗೆ ಎರಡು ಮೊಳೆ. ಒಂದಕ್ಕೆ ಬಿಳಿ ಕ್ಯಾರಿಬ್ಯಾಗ್, ಇನ್ನೊಂದಕ್ಕೆ ಹಸಿರು ಕೈಚೀಲ. ಬಿಳಿಯದರಲ್ಲಿ ಮಗಳ ದವಾಖಾನೆ ಕಾಗದ, ಹಸಿರಿನಲ್ಲಿ ಮಗನದು. ಅರವತ್ತು ದಾಟಿದ ಅವ್ವನಿಗೆ ಮರಾಠಿ ಓದಲು ಬಾರದು, ಇಂಗ್ಲಿಷ್ ಅಂತೂ ದೂರವೇ ಉಳಿಯಿತು. ಕನ್ನಡ ಬಾಯಲ್ಲಿದೆ, ಆದರೆ ಸಾಲಿ ಕಲಿತವರಲ್ಲ. ಆದರೂ ಚೀಲ ಅದಲುಬದಲಾಗಲು ಅವರು ಬಿಡುವುದಿಲ್ಲ.

‘ಒಮ್ಮಿ ಕೂಡಿಸಿ ಕೆಟ್ಟೇನ್ರೀ. ಇನ್ನೊಮ್ಮಿ ಆಗಬಾರದು’ ಎನ್ನುತ್ತಾರೆ ಅವರು.

ಕೂಡಿಸಿದ್ದು ಏನು, ಕೆಟ್ಟಿದ್ದು ಹೇಗೆ ಎಂಬುದೇ ಈ ವರದಿ. ತಾಲ್ಲೂಕಿನ ಭೀಮಾ ನದಿ ಕಡೆಯ ಒಂದು ಕನ್ನಡ ಊರಿನ ಮನೆಯಿದು. ಹೆಸರು ಹಾಕಬೇಡಿ ಎಂದು ಮನೆಯವರು ಕೇಳಿಕೊಂಡಿದ್ದಾರೆ. ಮದುವೆಯಾಗಬೇಕಾದ ಹುಡುಗಿಯರು ಮನೆಯಲ್ಲಿದ್ದಾರೆ, ‘ಟಿ.ಬಿ. ಮನಿ’ ಅಂತ ಊರು ಅಂದರೆ ಕಷ್ಟ ಎಂಬುದು ಅವರ ಅಂಜಿಕೆ. ಆ ಅಂಜಿಕೆಯೂ ಈ ಕಥೆಯ ಒಂದು ಭಾಗವೇ.

ಮೊದಲು ಅಕ್ಕನಿಗೆ

ಅಕ್ಕ ಸೊಲ್ಲಾಪುರದಲ್ಲಿ ರೆಡಿಮೇಡ್ ಬಟ್ಟೆ ಹೊಲಿಯುವ ಕೆಲಸಕ್ಕಿದ್ದಾರೆ. ವಯಸ್ಸು ಮೂವತ್ತಾರು. 2024ರ ಫೆಬ್ರುವರಿಯಲ್ಲಿ ಒಂದು ವಾರ ನೆಗಡಿ, ಮೈಕೈ ನೋವು, ಸಣ್ಣ ಜ್ವರ ಬಂದು ಹೋಯಿತು. ಅದು ಹೋದ ಮೇಲೆ ಎದೆಯ ನಡುವೆ ಚುಚ್ಚುವ ನೋವು ಶುರುವಾಯಿತು. ಉಸಿರು ಒಳಗೆಳೆದರೆ ಹೆಚ್ಚು, ಅಂಗಾತ ಮಲಗಿದರೆ ಇನ್ನೂ ಹೆಚ್ಚು. ಎದ್ದು ಕುಳಿತು ಮುಂದಕ್ಕೆ ಬಾಗಿದರೆ ಸ್ವಲ್ಪ ಹಗುರ. ಎರಡು ರಾತ್ರಿ ಹೊಲಿಗೆ ಮಿಷಿನ್ ಮೇಲೆ ತಲೆ ಇಟ್ಟು ಕುಳಿತೇ ಬೆಳಗು ಮಾಡಿದರು.

ಮನೆಯವರು ಮೊದಲು ‘ಆಸಿಡಿಟಿ’ ಅಂದರು. ಮೂರನೇ ದಿನ ದವಾಖಾನೆಗೆ ಹೋದಾಗ ಇಸಿಜಿ ತೆಗೆದರು. ಹೃದಯಾಘಾತವೇ ಎಂಬ ಸಂಶಯ ಬಂದು ರಕ್ತ ಪರೀಕ್ಷೆ, ಎಕೋ ಮಾಡಿದರು. ಹೃದಯಾಘಾತ ಅಲ್ಲ, ‘ಪೆರಿಕಾರ್ಡೈಟಿಸ್’ ಎಂದರು ವೈದ್ಯರು. ಮನೆಮಂದಿಗೆ ಆ ಹೆಸರು ಬಾಯಿಗೆ ಬರಲಿಲ್ಲ. ‘ಗುಂಡಿಗಿ ಸುತ್ತ ಒಂದು ಚೀಲ ಇರ್ತದ, ಅದಕ್ಕ ಬಾವು ಬಂದದ’ ಎಂದು ನರ್ಸ್ ಬಿಡಿಸಿ ಹೇಳಿದರು. ಅದು ತಿಳಿಯಿತು.

ಐಬುಪ್ರೊಫೆನ್, ಅದರ ಜೊತೆಗೆ ಕಾಲ್ಚಿಸಿನ್, ಹೊಟ್ಟೆ ಕಾಯಲು ಒಂದು ಗುಳಿಗೆ ಬರೆದುಕೊಟ್ಟರು. ನೋವು ನಾಲ್ಕೈದು ದಿನದಲ್ಲಿ ಇಳಿಯಿತು. ಐಬುಪ್ರೊಫೆನ್ ಹಂತಹಂತವಾಗಿ ಕಡಿಮೆ ಮಾಡಿ ನಿಲ್ಲಿಸಿದರು, ಕಾಲ್ಚಿಸಿನ್ ಮಾತ್ರ ಮೂರು ತಿಂಗಳು ನಡೆಯಿತು. ಮೇ ತಿಂಗಳಲ್ಲಿ ಜಾತ್ರೆಗೆ ಊರಿಗೆ ಬಂದಾಗ ಉಳಿದ ಗುಳಿಗೆಗಳನ್ನು ತಂದು ಅವ್ವನ ಹತ್ತಿರ ಬಿಟ್ಟು ಹೋದರು. ಅವ್ವ ಅವನ್ನು ದೇವರ ಜಗಲಿ ಪಕ್ಕದ ಡಬ್ಬಿಯಲ್ಲಿ ಇಟ್ಟರು. ದುಡ್ಡು ಕೊಟ್ಟು ತಂದದ್ದನ್ನು ಚೆಲ್ಲುವ ಪದ್ಧತಿ ನಮ್ಮ ಮನೆಗಳಲ್ಲಿ ಎಲ್ಲಿದೆ?

ಆಮೇಲೆ ತಮ್ಮನಿಗೆ

ತಮ್ಮನಿಗೆ ಮೂವತ್ತೊಂದು. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾರೆ, ಉಳಿದ ದಿನ ಹೊಲ. ಜೂನ್ ಕೊನೆಗೆ ಅವರಿಗೂ ಎದೆ ನೋವು ಬಂತು. ‘ಅಕ್ಕಗ ಆಗಿದ್ದೂ ಇದ ನೋವು. ಆಕೀ ಗುಳಗಿ ಅದಾವ, ತಗೋ’ ಎಂದು ಅವ್ವ ಡಬ್ಬಿ ತೆಗೆದರು.

ಗುಳಿಗೆ ತಗೊಂಡರು. ನೋವು ಕಡಿಮೆಯಾಯಿತು. ಸಂಜೆ ಹೊತ್ತು ಬರುತ್ತಿದ್ದ ಸಣ್ಣ ಜ್ವರವೂ ಇಳಿದಂತೆ ಕಂಡಿತು. ಗುಳಿಗೆ ತೀರಿದಾಗ ಮೆಡಿಕಲ್‌ನಲ್ಲಿ ಖಾಲಿ ಸ್ಟ್ರಿಪ್ ತೋರಿಸಿ ಇನ್ನೊಂದು ತಂದರು. ಹೀಗೆ ಐದು ವಾರ ಹೋಯಿತು. ಅಷ್ಟರಲ್ಲಿ ಪ್ಯಾಂಟ್ ಸಡಿಲಾಗಿತ್ತು, ರಾತ್ರಿ ಬೆವರಿ ಅಂಗಿ ತೊಯ್ಯುತ್ತಿತ್ತು. ಹೊಲದಿಂದ ಮನೆಗೆ ಬರುವಷ್ಟರಲ್ಲಿ ಎರಡು ಸಲ ಕೂರಬೇಕಾಗುತ್ತಿತ್ತು. ಆಗಸ್ಟ್‌ನಲ್ಲಿ ಕಾಲು ಊದಿಕೊಂಡಿತು, ಕುತ್ತಿಗೆಯ ನರ ಉಬ್ಬಿ ಕಾಣತೊಡಗಿತು. ಒಂದು ಬೆಳಿಗ್ಗೆ ಎದ್ದು ನಿಲ್ಲಲಾಗಲಿಲ್ಲ.

ಊರಿನಿಂದ ಅಕ್ಕಲಕೋಟ, ಅಲ್ಲಿಂದ ಸುಮಾರು 40 ಕಿಲೋಮೀಟರ್ ಸೊಲ್ಲಾಪುರ. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಎಕೋ ಹಚ್ಚಿ ನೋಡಿದರೆ ಗುಂಡಿಗೆಯ ಸುತ್ತ ನೀರು ತುಂಬಿ ಗುಂಡಿಗೆ ಬಿಚ್ಚಿಕೊಳ್ಳಲಾರದೆ ಒದ್ದಾಡುತ್ತಿತ್ತು. ಅದೇ ದಿನ ಸೂಜಿ ಹಾಕಿ ನೀರು ತೆಗೆದರು. ಮುಕ್ಕಾಲು ಲೀಟರಿನಷ್ಟು ಬಂತು. ‘ಬಾಟ್ಲಿ ನೋಡಿ ನಾ ಅಲ್ಲೇ ಕುಸದು ಕೂತ್ಯಾ’ ಎನ್ನುತ್ತಾರೆ ಜೊತೆಗೆ ಹೋಗಿದ್ದ ಕಾಕಾ.

ಆ ನೀರಿನ ಪರೀಕ್ಷೆಯಿಂದ ಟಿ.ಬಿ. ಎಂದು ತಿಳಿಯಿತು. ಅಕ್ಕನದೂ ತಮ್ಮನದೂ ಕಾಯಿಲೆಯ ಹೆಸರು ಒಂದೇ. ಕಾರಣ ಮಾತ್ರ ಪೂರಾ ಬೇರೆ.

ಏನಿದು ಚೀಲ, ಏನಿದು ಬಾವು?

ಹೃದಯದ ಸುತ್ತ ಎರಡು ಪದರದ ತೆಳು ಚೀಲವಿದೆ. ಇದೇ ಪೆರಿಕಾರ್ಡಿಯಂ, ಪುಸ್ತಕದ ಕನ್ನಡದಲ್ಲಿ ಹೃದಯಾವರಣ. ಎರಡು ಪದರದ ನಡುವೆ ಸಾಮಾನ್ಯವಾಗಿ 15ರಿಂದ 50 ಮಿಲಿ ದ್ರವ ಇರುತ್ತದೆ. ಹೃದಯ ಬಡಿಯುವಾಗ ತಿಕ್ಕಾಟ ಆಗದಂತೆ ನೋಡಿಕೊಳ್ಳುವುದು ಅದರ ಕೆಲಸ, ಗಾಡಿಯ ಅಚ್ಚಿಗೆ ಎಣ್ಣೆ ಇದ್ದಂತೆ. ಪದರಕ್ಕೆ ಬಾವು ಬಂದರೆ ಒಂದಕ್ಕೊಂದು ತಿಕ್ಕುತ್ತವೆ. ವೈದ್ಯರು ಸ್ಟೆತಸ್ಕೋಪ್ ಇಟ್ಟರೆ ಹೊಸ ಚರ್ಮದ ಕೆರ ಕಿರುಗುಟ್ಟಿದಂಥ ಸಪ್ಪಳ ಕೇಳಿಸಬಹುದು.

ರೋಗ ಗುರುತಿಸಲು ವೈದ್ಯರು ನಾಲ್ಕು ಸಂಗತಿ ನೋಡುತ್ತಾರೆ. ಬಾಗಿದರೆ ಹಗುರಾಗುವ, ಮಲಗಿದರೆ ಹೆಚ್ಚುವ ಎದೆನೋವು ಮೊದಲನೆಯದು. ಆ ತಿಕ್ಕಾಟದ ಸಪ್ಪಳ ಎರಡನೆಯದು. ಇಸಿಜಿಯಲ್ಲಿ ಬಹುತೇಕ ಎಲ್ಲ ಕಡೆ ಒಂದೇ ಬಗೆಯ ಬದಲಾವಣೆ ಮೂರನೆಯದು. ಎಕೋದಲ್ಲಿ ಹೊಸದಾಗಿ ಅಥವಾ ಹೆಚ್ಚಾಗಿ ನೀರು ಕಾಣುವುದು ನಾಲ್ಕನೆಯದು. ನಾಲ್ಕರಲ್ಲಿ ಎರಡು ಇದ್ದರೆ ಪೆರಿಕಾರ್ಡೈಟಿಸ್ ಎನ್ನುತ್ತಾರೆ. ಸಿಆರ್‌ಪಿ ಎಂಬ ರಕ್ತ ಪರೀಕ್ಷೆ ಬಾವಿನ ಮಟ್ಟ ಹೇಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ‘ಬಾಗಿದರ ಕಡಿಮಿ ಆಗ್ತದ, ಹಂಗಂದ್ರ ಹಾರ್ಟ್ ಅಟ್ಯಾಕ್ ಅಲ್ಲ’ ಎಂದು ಮನೆಯಲ್ಲೇ ತೀರ್ಮಾನ ಮಾಡಬಾರದು. ಎದೆನೋವು ಯಾವುದೇ ಇರಲಿ, ಮೊದಲು ಇಸಿಜಿ ಆಗಲೇಬೇಕು. ತಪ್ಪು ಇನ್ನೊಂದು ಬದಿಗೂ ಆಗಬಹುದು. ಚೀಲದ ಬಾವನ್ನು ಹೃದಯಾಘಾತ ಎಂದು ತಿಳಿದು ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟರೆ ಚೀಲದೊಳಗೆ ರಕ್ತ ಸೋರುವ ಅಪಾಯವಿದೆ. ಅದಕ್ಕೇ ಸಂಶಯ ಇದ್ದಲ್ಲಿ ಎಕೋ, ಟ್ರೊಪೋನಿನ್ ಪರೀಕ್ಷೆ, ಕೆಲವೊಮ್ಮೆ ಆ್ಯಂಜಿಯೋಗ್ರಫಿ ಮಾಡುತ್ತಾರೆ. ಅದು ‘ಬಿಲ್ ಏರಿಸಾಕ’ ಅಂತಲೇ ತಿಳಿಯಬೇಕಿಲ್ಲ.

ಕಾರಣ ಹುಡುಕುವುದೇ ಅರ್ಧ ಚಿಕಿತ್ಸೆ

ಪೆರಿಕಾರ್ಡೈಟಿಸ್ ಎಂಬುದು ಜ್ವರ ಎಂದಂತೆ. ಜ್ವರ ಮಲೇರಿಯಾದಿಂದಲೂ ಬರುತ್ತದೆ, ಟೈಫಾಯ್ಡ್‌ನಿಂದಲೂ ಬರುತ್ತದೆ. ಚೀಲದ ಬಾವಿಗೂ ಹಾಗೆಯೇ ಹಲವು ಕಾರಣ.

ಯುರೋಪ್, ಅಮೆರಿಕದಲ್ಲಿ ಹೆಚ್ಚಿನವು ವೈರಸ್‌ನಿಂದ ಬಂದವು ಅಥವಾ ಕಾರಣ ಸಿಗದವು. ಇವು ಬಹುತೇಕ ಔಷಧಿಗೆ ಬಗ್ಗುತ್ತವೆ. ಅಕ್ಕನದು ಈ ಬಗೆ. ಆದರೆ ಟಿ.ಬಿ. ಹೆಚ್ಚಿರುವ ನಮ್ಮಂಥ ದೇಶಗಳಲ್ಲಿ ಟಿ.ಬಿ.ಯನ್ನು ಮರೆಯುವಂತಿಲ್ಲ. ವಾರಗಟ್ಟಲೆ ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಬೆವರು, ಮನೆಯಲ್ಲಿ ಯಾರಿಗಾದರೂ ಹಿಂದೆ ಟಿ.ಬಿ. ಆಗಿದ್ದು, ಎಕೋದಲ್ಲಿ ಬಹಳ ನೀರು, ಇವೆಲ್ಲ ಅದರ ಸುಳಿವು. ಕೆಮ್ಮು ಇರಲೇಬೇಕೆಂದಿಲ್ಲ. ತಮ್ಮನಿಗೆ ಕೆಮ್ಮೇ ಇರಲಿಲ್ಲ. ಹಾಗಾಗಿ ಮನೆಯಲ್ಲಿ ಯಾರಿಗೂ ಟಿ.ಬಿ. ನೆನಪಾಗಲಿಲ್ಲ.

ಮೂತ್ರಪಿಂಡ ಕೈಕೊಟ್ಟವರಿಗೆ ರಕ್ತದಲ್ಲಿ ಯೂರಿಯಾ ಏರಿ ಚೀಲ ಬಾಯಬಹುದು. ಅವರಿಗೆ ಡಯಾಲಿಸಿಸ್‌ನಿಂದ ಗುಣ, ಬರಿ ನೋವಿನ ಗುಳಿಗೆಯಿಂದಲ್ಲ. ಥೈರಾಯ್ಡ್ ತೀರಾ ಕಡಿಮೆಯಾದರೆ ನೀರು ತುಂಬಬಹುದು. ಲೂಪಸ್, ಸಂಧಿವಾತದಂಥ ಕಾಯಿಲೆ, ಶ್ವಾಸಕೋಶ ಅಥವಾ ಸ್ತನದ ಕ್ಯಾನ್ಸರ್ ಹರಡಿದ್ದು, ಹೃದಯಾಘಾತ ಅಥವಾ ಹೃದಯದ ಆಪರೇಷನ್ ಆದ ಮೇಲಿನ ದಿನಗಳು ಕೂಡ ಕಾರಣ ಆಗಬಲ್ಲವು. ಆದ್ದರಿಂದ ವೈದ್ಯರು ಕ್ರಿಯಾಟಿನಿನ್, ಥೈರಾಯ್ಡ್, ಎಚ್‌ಐವಿ, ಎದೆಯ ಎಕ್ಸರೇ ಬರೆದುಕೊಟ್ಟರೆ ‘ಎದಿ ನೋವಿಗೆ ಇದೆಲ್ಲ ಯಾಕ?’ ಎನ್ನಬೇಡಿ. ಕಾರಣ ಹಿಡಿಯಲೆಂದೇ ಅವು.

ನೀರು ತೆಗೆದಾಗ ಅದರಲ್ಲಿ ಎಡಿಎ ಎಂಬ ಅಂಶ ಅಳೆಯುತ್ತಾರೆ. 40ಕ್ಕಿಂತ ಹೆಚ್ಚಿದ್ದರೆ ಟಿ.ಬಿ.ಯ ಕಡೆ ಬೆರಳು ತೋರಿಸುತ್ತದೆ. ಸಿಬಿನ್ಯಾಟ್ ಎಂಬ ಮಷಿನ್‌ನಲ್ಲಿ ಟಿ.ಬಿ. ಕ್ರಿಮಿಯನ್ನೂ ಹುಡುಕುತ್ತಾರೆ. ಅದು ಸಿಕ್ಕರೆ ಮಾತು ಮುಗಿಯಿತು. ಸಿಗದಿದ್ದರೆ ಟಿ.ಬಿ. ಇಲ್ಲ ಎಂದಲ್ಲ, ಏಕೆಂದರೆ ಚೀಲದ ನೀರಿನಲ್ಲಿ ಕ್ರಿಮಿ ಕಡಿಮೆ ಇರುತ್ತವೆ. ತಮ್ಮನ ವಿಷಯದಲ್ಲಿ ಮಷಿನ್ ‘ಇಲ್ಲ’ ಎಂದಿತು, ಎಡಿಎ ಏರಿತ್ತು, ಲಕ್ಷಣ ಎಲ್ಲ ಹೊಂದುತ್ತಿದ್ದವು. ಎಲ್ಲ ಕೂಡಿಸಿ ನೋಡಿ ವೈದ್ಯರು ಚಿಕಿತ್ಸೆ ಶುರು ಮಾಡಿದರು.

ಹಾಗಾದರೆ ಅಕ್ಕನ ಗುಳಿಗೆ ಮಾಡಿದ್ದೇನು? ಐಬುಪ್ರೊಫೆನ್ ನೋವನ್ನೂ ಜ್ವರವನ್ನೂ ಇಳಿಸಿತು, ಕ್ರಿಮಿಯನ್ನು ಮುಟ್ಟಲಿಲ್ಲ. ಹೊಗೆ ಕಾಣದಂತೆ ಕಿಟಕಿ ಮುಚ್ಚಿದಂತಾಯಿತು, ಒಳಗೆ ಬೆಂಕಿ ಉರಿಯುತ್ತಲೇ ಇತ್ತು. ಐದು ವಾರ ಅಲ್ಲೇ ಹೋಯಿತು.

ಟಿ.ಬಿ. ಹಿಡಿದ ಚೀಲವನ್ನು ಬಹಳ ದಿನ ಬಿಟ್ಟರೆ ಎರಡು ಕೇಡು. ನೀರು ಒತ್ತಿ ಹೃದಯ ನಿಲ್ಲಬಹುದು. ಇಲ್ಲವೇ ಚೀಲ ದಪ್ಪವಾಗಿ, ಗಟ್ಟಿಯಾಗಿ ಹೃದಯವನ್ನು ಹಿಡಿದುಕೊಳ್ಳಬಹುದು. ಆಗ ಹೊಟ್ಟೆ, ಕಾಲು ಊದುತ್ತವೆ. ಎದೆ ತೆರೆದು ಚೀಲ ಬಿಡಿಸುವ ದೊಡ್ಡ ಆಪರೇಷನ್ನೇ ಬೇಕಾಗುತ್ತದೆ.

ಗೌರಿ ಹೂವಿನ ಗಡ್ಡೆಯಲ್ಲೂ ಇದೇ ಔಷಧಿ, ಇದೇ ವಿಷ

ಕಾಲ್ಚಿಸಿನ್ ಹೆಸರು ಹೊಸದೆನಿಸಿದರೂ ಗಿಡ ನಮಗೆ ಹೊಸದಲ್ಲ. ಮಳೆಗಾಲದಲ್ಲಿ ಬೇಲಿಯ ಮೇಲೆ ಕೆಂಪು-ಹಳದಿ ಬೆಂಕಿಯ ನಾಲಗೆಯಂತೆ ಅರಳುವ ಗೌರಿ ಹೂ ನೋಡಿದ್ದೀರಲ್ಲ? ಕೆಲವರು ಅಗ್ನಿಶಿಖೆ ಅನ್ನುತ್ತಾರೆ, ಮರಾಠಿಯಲ್ಲಿ ಕಳಲಾವಿ. ಅದರ ಗಡ್ಡೆ, ಬೀಜದಲ್ಲಿ ಕಾಲ್ಚಿಸಿನ್ ಇದೆ. ತಮಿಳುನಾಡಿನಲ್ಲಿ ಬೀಜಕ್ಕಾಗಿಯೇ ಇದನ್ನು ಬೆಳೆಯುತ್ತಾರೆ. ಆದರೆ ಗಡ್ಡೆ ತಿಂದು ಸತ್ತವರೂ ಇದ್ದಾರೆ. ಯಾರೋ ‘ಅದ ಔಷಧಿ ಇದರಾಗೂ ಅದ’ ಎಂದು ಗಡ್ಡೆ ಅರೆದು ಕೊಟ್ಟರೆ ಮುಟ್ಟಬೇಡಿ.

ಈ ಔಷಧಿ ಪೆರಿಕಾರ್ಡೈಟಿಸ್‌ಗೆ ಗಟ್ಟಿಯಾಗಿ ನಿಂತದ್ದು ಇಟಲಿಯ ವೈದ್ಯ ಮಾಸ್ಸಿಮೊ ಇಮಾಜಿಯೊ ಮತ್ತು ಸಂಗಡಿಗರ ಅಧ್ಯಯನಗಳಿಂದ. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 240 ರೋಗಿಗಳಿದ್ದರು. ಎಲ್ಲರಿಗೂ ಬಾವು ಇಳಿಸುವ ಗುಳಿಗೆ ಇತ್ತು. ಅರ್ಧ ಜನಕ್ಕೆ ಅದರ ಜೊತೆ ಮೂರು ತಿಂಗಳು ಕಾಲ್ಚಿಸಿನ್, ಉಳಿದವರಿಗೆ ನೋಡಲು ಹಾಗೇ ಇದ್ದ ಸಪ್ಪೆ ಗುಳಿಗೆ ಕೊಟ್ಟರು. ಸಪ್ಪೆ ಗುಳಿಗೆಯವರಲ್ಲಿ ಶೇ 37.5ರಷ್ಟು ಮಂದಿಗೆ ರೋಗ ಜಗ್ಗಲಿಲ್ಲ ಅಥವಾ ಮರುಕಳಿಸಿತು. ಕಾಲ್ಚಿಸಿನ್ ತಗೊಂಡವರಲ್ಲಿ ಶೇ 16.7 ಮಾತ್ರ. ‘ನೋವು ಹೋಯ್ತಲ್ಲ, ಮೂರು ತಿಂಗಳು ಯಾಕ ನುಂಗೂದು?’ ಎಂದು ಅಕ್ಕ ಕೇಳಿದ್ದರಂತೆ. ಉತ್ತರ ಇದೇ: ಮತ್ತೆ ಬಾರದಿರಲಿ ಎಂದು.

ಪ್ರಮಾಣ ತೂಕದ ಮೇಲೆ ಹೋಗುತ್ತದೆ. 70 ಕಿಲೋಕ್ಕಿಂತ ಕಡಿಮೆ ತೂಕದವರಿಗೆ ಸಾಮಾನ್ಯವಾಗಿ 0.5 ಮಿಲಿಗ್ರಾಂ ದಿನಕ್ಕೆ ಒಂದು ಸಲ, ಹೆಚ್ಚಿನವರಿಗೆ ಎರಡು ಸಲ. ಮೂತ್ರಪಿಂಡ ದುರ್ಬಲ ಇದ್ದವರಿಗೆ ಇನ್ನೂ ಕಡಿಮೆ, ಕೆಲವರಿಗೆ ಬೇಡವೇ ಬೇಡ. ‘ಎರಡು ನುಂಗಿದರ ಲಗೂನ ಆರಾಮ’ ಎಂಬ ಲೆಕ್ಕ ಇಲ್ಲಿ ನಡೆಯದು. ಔಷಧಿಗೂ ವಿಷಕ್ಕೂ ನಡುವಿನ ಅಂತರ ಇಲ್ಲಿ ಬಹಳ ಸಣ್ಣದು. ಭೇದಿ ಶುರುವಾದರೆ ಅದು ಮೊದಲ ಎಚ್ಚರಿಕೆ, ವೈದ್ಯರಿಗೆ ತಿಳಿಸಬೇಕು.

ಮೆಡಿಕಲ್ ಹುಡುಗ ಕೇಳಿದ ಒಂದು ಪ್ರಶ್ನೆ

ಅಕ್ಕನ ಚಿಕಿತ್ಸೆಯ ಎರಡನೇ ತಿಂಗಳಲ್ಲಿ ಒಂದು ಘಟನೆ ನಡೆಯಿತು. ಗಂಟಲು ನೋವು, ಕೆಮ್ಮು ಎಂದು ಓಣಿಯ ಕ್ಲಿನಿಕ್‌ಗೆ ಹೋದರು. ಹಳೆಯ ಕಾಗದ ಒಯ್ಯಲಿಲ್ಲ, ಬೇರೆ ಔಷಧಿ ನಡೆದಿದೆ ಎಂದು ಹೇಳಲಿಲ್ಲ. ಅವರು ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಬರೆದರು. ಚೀಟಿ ಹಿಡಿದು ಮಾಮೂಲಿ ಮೆಡಿಕಲ್‌ಗೆ ಹೋದಾಗ ಕೌಂಟರಿನ ಹುಡುಗ ‘ತಾಯಿ, ನಿಮ್ಮ ಆ ಸಣ್ಣ ಗುಳಗಿ ಇನ್ನೂ ನಡದದ ಏನು?’ ಎಂದು ಕೇಳಿದ. ಹೌದು ಎಂದಾಗ ಕ್ಲಿನಿಕ್‌ಗೆ ಫೋನ್ ಹಚ್ಚಿ ಬೇರೆ ಔಷಧಿ ಬರೆಸಿಕೊಟ್ಟ.

ಆ ಹುಡುಗನ ಪ್ರಶ್ನೆ ಸಣ್ಣದಲ್ಲ. ಕ್ಲಾರಿಥ್ರೊಮೈಸಿನ್ ಇದ್ದರೆ ಕಾಲ್ಚಿಸಿನ್ ದೇಹದಿಂದ ಹೊರಹೋಗದೆ ಕೂಡಿಕೊಳ್ಳುತ್ತದೆ. ಈ ಜೋಡಿಯಿಂದ ಜೀವ ಹೋದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಫಂಗಸ್‌ಗೆ ಕೊಡುವ ಇಟ್ರಾಕೊನಜೋಲ್, ಬಿ.ಪಿ. ಮತ್ತು ಹೃದಯಕ್ಕೆ ಕೊಡುವ ವೆರಾಪಮಿಲ್, ಡಿಲ್ಟಿಯಾಜೆಮ್ ಕೂಡ ಅದನ್ನು ಏರಿಸುತ್ತವೆ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಜೊತೆಗಿದ್ದರೆ ಸ್ನಾಯು ಸೋಲುವ, ನೋಯುವ ತೊಂದರೆ ಬರಬಹುದು.

ನೋವಿನ ಗುಳಿಗೆಯದೂ ಬೇರೆ ಲೆಕ್ಕ. ಐಬುಪ್ರೊಫೆನ್, ಆಸ್ಪಿರಿನ್ ದೊಡ್ಡ ಪ್ರಮಾಣದಲ್ಲಿ ಒಂದೆರಡು ವಾರ ನಡೆಯುತ್ತವೆ, ಸಿಆರ್‌ಪಿ ಇಳಿದ ಮೇಲೆ ಮೆಲ್ಲಗೆ ಕಡಿಮೆ ಮಾಡುತ್ತಾರೆ. ಊಟದ ಮೇಲೆಯೇ ತಗೋಬೇಕು. ಹೊಟ್ಟೆ ಹುಣ್ಣು, ರಕ್ತಸ್ರಾವ ಆಗದಂತೆ ಹೊಟ್ಟೆಯ ಗುಳಿಗೆ ಜೊತೆಗಿರುತ್ತದೆ, ಅದನ್ನು ಬಿಡಬಾರದು. ಮೂತ್ರಪಿಂಡದ ತೊಂದರೆ ಇದ್ದವರು, ಹೃದಯ ದುರ್ಬಲ ಇದ್ದವರು, ರಕ್ತ ತೆಳು ಮಾಡುವ ಔಷಧಿ ತಗೊಳ್ಳುವವರು, ಗರ್ಭಿಣಿಯರು ಮೊದಲೇ ಹೇಳಬೇಕು. ಹೃದಯಾಘಾತ ಆಗಿದ್ದವರಿಗೆ ಐಬುಪ್ರೊಫೆನ್ ಬದಲು ಆಸ್ಪಿರಿನ್ ಆರಿಸುತ್ತಾರೆ. ಡೆಂಗಿ ಸಂಶಯ ಇದ್ದಾಗ ಎರಡೂ ಬೇಡ. ಇನ್ನು ನಮ್ಮ ಕಡೆ ಸೊಂಟ ನೋವಿಗೆ, ತಲೆ ನೋವಿಗೆ ಅಂತ ಮೆಡಿಕಲ್‌ನಿಂದ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ತರುವ ರೂಢಿ ಬಹಳ. ಇವೂ ಅದೇ ಜಾತಿಯವು. ಎರಡು ಕೂಡಿದರೆ ಗುಣ ಎರಡಾಗದು, ಹೊಟ್ಟೆಗೂ ಮೂತ್ರಪಿಂಡಕ್ಕೂ ಕಂಟಕ ಎರಡಾಗುತ್ತದೆ.

ಸ್ಟಿರಾಯ್ಡ್: ಅಲ್ಲಿ ಬೇಡ, ಇಲ್ಲಿ ಬೇಕಾಗಬಹುದು

ಅಕ್ಕನಿಗೆ ಸ್ಟಿರಾಯ್ಡ್ ಕೊಡಲಿಲ್ಲ. ತಮ್ಮನಿಗೆ ಕೊಟ್ಟರು. ಮನೆಯವರಿಗೆ ಇದೂ ಒಗಟಾಗಿತ್ತು.

ವೈರಸ್‌ನಿಂದ ಬಂದ ಬಾವಿಗೆ ಮೊದಲೇ ಸ್ಟಿರಾಯ್ಡ್ ಹಚ್ಚಿದರೆ ನೋವು ಬೇಗ ಹೋಗುತ್ತದೆ, ಆದರೆ ಮರುಕಳಿಸುವ ಸಂಭವ ಹೆಚ್ಚು. ಹಾಗಾಗಿ ಬೇರೆ ದಾರಿ ಇಲ್ಲದಾಗ ಮಾತ್ರ. ಟಿ.ಬಿ. ಚೀಲದ ಮಾತು ಬೇರೆ. ದಕ್ಷಿಣ ಆಫ್ರಿಕಾದ ವೈದ್ಯ ಬೊಂಗಾನಿ ಮಯೋಸಿ ನೇತೃತ್ವದಲ್ಲಿ ಆಫ್ರಿಕಾದ 1400 ರೋಗಿಗಳ ಮೇಲೆ ನಡೆದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಟಿ.ಬಿ. ಔಷಧಿ ಜೊತೆ ಆರು ವಾರ ಪ್ರೆಡ್ನಿಸೊಲೋನ್ ಕೊಟ್ಟರೆ ಸಾವು ತಗ್ಗಲಿಲ್ಲ. ಆದರೆ ಚೀಲ ಗಟ್ಟಿಯಾಗಿ ಹೃದಯ ಹಿಡಿದುಕೊಳ್ಳುವುದು ಶೇ 7.8ರಿಂದ 4.4ಕ್ಕೆ ಇಳಿಯಿತು. ಎಚ್‌ಐವಿ ಇದ್ದವರಲ್ಲಿ ಮಾತ್ರ ಕೆಲವು ಬಗೆಯ ಕ್ಯಾನ್ಸರ್ ಹೆಚ್ಚಿತು. ಅದಕ್ಕೇ ಮೊದಲು ಎಚ್‌ಐವಿ ಪರೀಕ್ಷೆ, ಆಮೇಲೆ ಸ್ಟಿರಾಯ್ಡ್‌ನ ಮಾತು.

ಟಿ.ಬಿ. ಔಷಧಿ ಇಲ್ಲದೆ ಬರಿ ಸ್ಟಿರಾಯ್ಡ್ ಕೊಟ್ಟರೆ ಕ್ರಿಮಿಗೆ ಬಾಗಿಲು ತೆರೆದಂತೆ. ಹಳ್ಳಿಗಳಲ್ಲಿ ‘ಶಕ್ತಿ ಗುಳಿಗೆ’, ‘ಹಸಿವಿನ ಗುಳಿಗೆ’ ಎಂದು ಪುಡಿಕೆಯಲ್ಲಿ ಕೊಡುವ ಹೆಸರಿಲ್ಲದ ಗುಳಿಗೆಗಳ ಬಗ್ಗೆ ಎಚ್ಚರ ಇರಲಿ. ಸ್ಟಿರಾಯ್ಡ್‌ನಿಂದ ಸಕ್ಕರೆ ಏರಬಹುದು, ಹೊಟ್ಟೆ ಉರಿಯಬಹುದು. ವಾರಗಟ್ಟಲೆ ತಗೊಂಡ ಮೇಲೆ ಒಮ್ಮೆಲೇ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ಇಳಿಸುತ್ತ ಬರಬೇಕು.

ಉಚಲ್ ತಗೊಂಡಾಗಿತ್ತು

ಟಿ.ಬಿ. ಚಿಕಿತ್ಸೆ ಆರು ತಿಂಗಳು. ತಮ್ಮನದು ಆಗಸ್ಟ್‌ನಲ್ಲಿ ಶುರುವಾಗಿ ಫೆಬ್ರುವರಿಗೆ ಮುಗಿಯಬೇಕಿತ್ತು. ನಡುವೆ ಬಂತು ಕಬ್ಬಿನ ಹಂಗಾಮು. ಕಾಯಿಲೆಗೆ ಮೊದಲೇ ಮುಕಾದಮನಿಂದ ಉಚಲ್ ತಗೊಂಡು ಮನೆಯ ಮಾಳಿಗೆ ರಿಪೇರಿ ಮಾಡಿಸಿದ್ದರು. ನವೆಂಬರ್‌ನಲ್ಲಿ ಕರೆ ಬಂತು, ಭೀಮಾ ನದಿಯಾಚೆ ಇಂಡಿ ಕಡೆಗೆ ಹೋಗಬೇಕು.

‘ಮೈಗೆ ಆರಾಮ ಅನಸ್ತಿತ್ತು, ತೂಕಾನೂ ಏರಿತ್ತು. ಗುಳಗಿ ಬಿಟ್ಟರ ಏನಾದೀತು ಅಂದ್ಕೊಂಡಿದ್ದೆ. ಉಚ್ಚಿ ಕೇಸರಿ ಆಗೂದು ನೋಡಿ ಮೊದಲ ಅಂಜಿಕಿ ಬಂದಿತ್ತು’ ಎನ್ನುತ್ತಾರೆ ತಮ್ಮ.

ಮೂತ್ರ ಕೇಸರಿ ಆಗುವುದು ರಿಫಾಂಪಿಸಿನ್ ಗುಣ, ಅಂಜಬೇಕಿಲ್ಲ. ಅಂಜಬೇಕಾದದ್ದು ಬೇರೆ: ಕಣ್ಣು ಹಳದಿ ಆಗುವುದು, ವಾಂತಿ ನಿಲ್ಲದಿರುವುದು ಯಕೃತ್ತಿನ ಸೂಚನೆ. ಬಣ್ಣ ಸರಿ ಕಾಣದಿರುವುದು, ದೃಷ್ಟಿ ಮಸುಕಾಗುವುದು ಇಥಾಂಬುಟಾಲ್‌ನಿಂದ ಇರಬಹುದು. ಕೈಕಾಲು ಜೋಮು ಹಿಡಿಯುವುದು ಐಸೋನಿಯಾಜಿಡ್‌ನಿಂದ, ಅದಕ್ಕೆ ಬಿ6 ಗುಳಿಗೆ ಕೊಡುತ್ತಾರೆ. ದಾರು ಮುಟ್ಟಲೇಬಾರದು. ರಿಫಾಂಪಿಸಿನ್ ಇನ್ನೊಂದು ಕೆಲಸ ಮಾಡುತ್ತದೆ, ಬೇರೆ ಹಲವು ಔಷಧಿಯ ಬಲ ಕುಗ್ಗಿಸುತ್ತದೆ. ಗರ್ಭನಿರೋಧಕ ಗುಳಿಗೆ, ರಕ್ತ ತೆಳು ಮಾಡುವ ವಾರ್ಫರಿನ್, ಸ್ಟಿರಾಯ್ಡ್ ಎಲ್ಲದರ ಮೇಲೂ ಇದರ ಕೈ ನಡೆಯುತ್ತದೆ. ಹೆಣ್ಣುಮಕ್ಕಳು ಸಂಕೋಚ ಬಿಟ್ಟು ವೈದ್ಯರಿಗೆ ಹೇಳಬೇಕಾದ ಮಾತಿದು.

ಗುಳಿಗೆ ಬಿಡುವ ವಿಚಾರ ಕಿವಿಗೆ ಬಿದ್ದದ್ದೇ ಊರಿನ ಆಶಾ ಕಾರ್ಯಕರ್ತೆ ಮನೆಗೆ ಬಂದರು. ಅವರ ಮಾತು ಮರಾಠಿ, ಅವ್ವನದು ಕನ್ನಡ. ನಡುವೆ ಸೊಸೆ ನಿಂತು ಎರಡೂ ಬದಿಗೆ ಹೇಳಿದರು. ಟಿ.ಬಿ. ರೋಗಿಯ ಹೆಸರು ನಿಕ್ಷಯ್ ಎಂಬ ಕೇಂದ್ರ ಸರ್ಕಾರದ ದಾಖಲೆಯಲ್ಲಿರುತ್ತದೆ, ಆ ನಂಬರಿನ ಮೇಲೆ ಬೇರೆ ರಾಜ್ಯಕ್ಕೂ ಚಿಕಿತ್ಸೆ ವರ್ಗ ಮಾಡಬಹುದು ಎಂದು ತಿಳಿಸಿದರು. ಹಾಗೇ ಆಯಿತು. ವೈದ್ಯರು ಟ್ರ್ಯಾಕ್ಟರ್ ಹೊಡೆಯಲು ಒಪ್ಪಿಗೆ ಕೊಟ್ಟರು, ಕಬ್ಬು ಹೇರುವುದು ಬೇಡ ಎಂದರು. ಗುಳಿಗೆ ನದಿಯಾಚೆಯ ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಕ್ಕವು. ಹಂಗಾಮಿಗೆ ಗಡಿ ದಾಟುವ ನಮ್ಮ ಭಾಗದ ಸಾವಿರಾರು ಜನ ತಿಳಿದಿರಬೇಕಾದ ಸಂಗತಿ ಇದು. ಗಡಿ ರಾಜ್ಯಗಳದು, ಟಿ.ಬಿ. ಔಷಧಿಯದಲ್ಲ.

ಸರ್ಕಾರಿ ಕೇಂದ್ರದಲ್ಲಿ ಟಿ.ಬಿ. ಪರೀಕ್ಷೆಯೂ ಔಷಧಿಯೂ ಉಚಿತ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಖಾತೆಗೆ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1000 ರೂಪಾಯಿ ಆಗಿದೆ. ಸಂದೇಹ ಇದ್ದರೆ 1800-11-6666ಕ್ಕೆ ಉಚಿತವಾಗಿ ಕರೆ ಮಾಡಬಹುದು. ಆಸ್ಪತ್ರೆ ಖರ್ಚಿನ ವಿಷಯಕ್ಕೆ ಮಹಾರಾಷ್ಟ್ರದವರು ರೇಷನ್ ಕಾರ್ಡ್, ಆಧಾರ್ ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮಹಾತ್ಮಾ ಜ್ಯೋತಿರಾವ ಫುಲೆ ಯೋಜನೆ ಬಗ್ಗೆ ಮೊದಲ ದಿನವೇ ಕೇಳಬೇಕು.

ಚೀಟಿ ಒಂದು ಭಾಷೆ, ಮನೆ ಇನ್ನೊಂದು ಭಾಷೆ

ಗಡಿಭಾಗದ ಒಂದು ತೊಂದರೆ ಬೇರೆಡೆ ಇರಲಾರದು. ವೈದ್ಯರು ಚೀಟಿ ಬರೆಯುವುದು ಇಂಗ್ಲಿಷ್‌ನಲ್ಲಿ, ಮೆಡಿಕಲ್‌ನವರು ಹೇಳುವುದು ಮರಾಠಿಯಲ್ಲಿ, ಗುಳಿಗೆ ಎಣಿಸಿ ಕೊಡುವ ಅವ್ವನಿಗೆ ತಿಳಿಯುವುದು ಕನ್ನಡ. ‘ಜೇವಣಾನಂತರ’ ಎಂದದ್ದು ಮನೆಗೆ ಬರುವಷ್ಟರಲ್ಲಿ ‘ಊಟಕ್ಕ ಮುಂಚೆ’ ಆಗಿಬಿಟ್ಟ ಉದಾಹರಣೆ ಪ್ರತಿ ಊರಿನಲ್ಲಿ ಸಿಗುತ್ತದೆ. ಈ ವರದಿಗಾರನ ಮನೆಯೂ ಅದಕ್ಕೆ ಹೊರತಲ್ಲ. ದವಾಖಾನೆಗೆ ಹೋಗುವಾಗ ಎರಡೂ ಭಾಷೆ ಬಲ್ಲ ಒಬ್ಬರು ಜೊತೆಗಿದ್ದರೆ, ಸ್ಟ್ರಿಪ್ ಮೇಲೆ ಸೂರ್ಯ-ಚಂದ್ರನ ಚಿತ್ರ ಬರೆಸಿಕೊಂಡರೆ ಎಷ್ಟೋ ತಪ್ಪು ತಪ್ಪುತ್ತವೆ.

ನೆನಪಿರಲಿ

● ಎದೆನೋವಿಗೆ ಮೊದಲು ಇಸಿಜಿ, ಆಮೇಲೆ ಉಳಿದ ಮಾತು. ಉಸಿರು ಕಟ್ಟುವುದು, ತಲೆ ಸುತ್ತಿ ಬೀಳುವುದು, ಕುತ್ತಿಗೆ ನರ ಉಬ್ಬುವುದು ಇದ್ದರೆ ತಡ ಮಾಡದೆ 108ಕ್ಕೆ ಕರೆ ಮಾಡಿ.
● ‘ಪೆರಿಕಾರ್ಡೈಟಿಸ್’ ಎಂದರೆ ‘ಯಾವ ಕಾರಣಕ್ಕ ಬಂದದ ಸಾಹೇಬ್ರ?’ ಎಂದು ಕೇಳಿ.
● ಜ್ವರ ಎರಡು ವಾರ ದಾಟಿದರೆ, ತೂಕ ಇಳಿದರೆ, ಕೆಮ್ಮು ಇಲ್ಲದಿದ್ದರೂ ಟಿ.ಬಿ. ಪರೀಕ್ಷೆ ಮಾಡಿಸಿ.
● ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಕೊಡಬೇಡಿ, ಕಾಯಿಲೆಯ ಹೆಸರು ಒಂದೇ ಇದ್ದರೂ.
● ಯಾವ ಡಾಕ್ಟರ ಹತ್ತಿರ ಹೋದರೂ ನಡೆದಿರುವ ಎಲ್ಲ ಗುಳಿಗೆಗಳ ಸ್ಟ್ರಿಪ್ ಒಯ್ಯಿರಿ.
● ಗುಣ ಅನಿಸಿದರೂ ಹೇಳಿದ ದಿನದವರೆಗೆ ಔಷಧಿ ಮುಗಿಸಿ, ಬಾವು ಇಳಿಯುವ ತನಕ ಭಾರದ ಕೆಲಸ ಬೇಡ.

ತಮ್ಮನ ಕೋರ್ಸ್ 2025ರ ಫೆಬ್ರುವರಿಯಲ್ಲಿ ಮುಗಿಯಿತು. ಆಮೇಲಿನ ಎಕೋದಲ್ಲಿ ನೀರಿಲ್ಲ, ಚೀಲ ದಪ್ಪವಾಗಿಲ್ಲ ಎಂದು ಬಂದಿದೆ. ಇನ್ನೂ ಕೆಲವು ಸಲ ತೋರಿಸಲು ಹೋಗಬೇಕು. ಮನೆಯ ಉಳಿದವರ ಪರೀಕ್ಷೆಯೂ ಆಗಿದೆ, ಯಾರಿಗೂ ಟಿ.ಬಿ. ಇಲ್ಲ.

ಮಾತು ಮುಗಿಸಿ ಏಳುವಾಗ ಅವ್ವ ದೇವರ ಜಗಲಿಯ ಡಬ್ಬಿ ತೆಗೆದು ತೋರಿಸಿದರು. ಅದರಲ್ಲಿ ಈಗ ಭಂಡಾರ, ಊದಿನಕಡ್ಡಿ ಅಷ್ಟೇ. ಉಳಿದ ಗುಳಿಗೆ ಎಲ್ಲಿ ಎಂದು ಕೇಳಿದ್ದಕ್ಕೆ, ‘ಅಕ್ಕಂದು ಉಳದಿದ್ದು ಆ ಮೆಡಿಕಲ್ ಹುಡುಗನ ಕೈಯಾಗ ಕೊಟ್ಟ ಬಂದೀನಿ. ತಮ್ಮಂದು ಒಂದೂ ಉಳದಿಲ್ಲ, ಎಲ್ಲಾ ನಾನ ನಿಂತು ನುಂಗಿಸೇನಿ’ ಎಂದರು.